ಚಾಕ್ ಡಬ್ಬಿಯ ಬಿಳಿ ಮಾತ್ರೆ

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಅವನು ಆ ಕೆಲಸವನ್ನು ನಾಲ್ಕನೆಯ ಸಲ ಮಾಡಿದ. ಮಾತ್ರೆಯ ಹಾಳೆಯನ್ನು ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿ ಎರಡು ಗುಲಾಬಿ ಮಾತ್ರೆಗಳನ್ನು ಅಂಗೈಗೆ ಬೀಳಿಸಿಕೊಂಡ. ಪಕ್ಕದ ಗುಳಿಯಲ್ಲಿದ್ದ ಬಿಳಿ ಮಾತ್ರೆಯನ್ನೂ ತೆಗೆದ. ಹೊಲಿಗೆ ಯಂತ್ರದ ಡ್ರಾಯರನ್ನು ಸದ್ದಾಗದಂತೆ ಎಳೆದು, ಅದರೊಳಗಿನ ಚಾಕ್ ಡಬ್ಬಿಯ ಮುಚ್ಚಳವನ್ನು ಒಂದು ಬೆರಳಷ್ಟು ಸರಿಸಿ, ಬಿಳಿಯದನ್ನು ಅದರೊಳಕ್ಕೆ ಜಾರಿಸಿಬಿಟ್ಟ. ಒಳಗೆ ನೋಡಲಿಲ್ಲ. ನೋಡಿದರೆ ಎಷ್ಟಾದವು ಎಂದು ಲೆಕ್ಕ ಸಿಗುತ್ತಿತ್ತು, ಲೆಕ್ಕ ಸಿಕ್ಕರೆ ತಾನು ಮಾಡುತ್ತಿರುವುದಕ್ಕೆ ಒಂದು ಹೆಸರಿಡಬೇಕಾಗುತ್ತಿತ್ತು. ಕಸದ ಬುಟ್ಟಿಗೆ ಎಸೆಯಬಹುದಿತ್ತು. ಆದರೆ ನಲವತ್ತು ವರ್ಷ ಬಟ್ಟೆ ಕತ್ತರಿಸಿದವನಿಗೆ ಅಂಗೈಯಗಲದ ಚೂರನ್ನೂ ಎಸೆಯಲು ಮನಸ್ಸು ಬರುವುದಿಲ್ಲ, ಯಾವುದಕ್ಕಾದರೂ ಬಂದೀತು ಎಂದು ಎತ್ತಿಡುವ ಚಾಳಿ. ಮಂಚದ ಮೇಲೆ ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅವಳ ಬೆನ್ನು ಏರಿಳಿಯುವುದನ್ನು ಅವನು ಗಡಿಯಾರ ನೋಡಿಕೊಂಡು ಎಣಿಸಿದ. ನಿಮಿಷಕ್ಕೆ ಇಪ್ಪತ್ತೆರಡು. ನಿನ್ನೆ ಇಪ್ಪತ್ತನಾಲ್ಕಿತ್ತು, ಅಥವಾ ನಿನ್ನೆ ಅವನು ಭಯಕ್ಕೆ ಹೆಚ್ಚು ಎಣಿಸಿದ್ದ.

ಅವಳು ಎದ್ದು ಕೂತು ಎರಡು ಮಾತ್ರೆಗಳನ್ನೂ ನುಂಗಿದಳು. "ಬಾಯಿ ತುಂಬ ಗುಂಡುಸೂಜಿ ಇಟ್ಕೊಂಡ ಹಾಗಿದೆ ರೀ. ನಿನ್ನೆಯಿಂದ ಹೀಗೇ," ಎಂದಳು. ಮೂವತ್ತೈದು ವರ್ಷ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಅವನು ಕತ್ತರಿಸಿಕೊಟ್ಟ ಬಟ್ಟೆಗೆ ಒಳಪದರ ಹೊಲಿದವಳು, ಗುಂಡುಸೂಜಿಯ ರುಚಿಯ ವಿಷಯದಲ್ಲಿ ಅವಳ ಮಾತನ್ನು ತೆಗೆದುಹಾಕುವ ಹಾಗಿರಲಿಲ್ಲ. ಎರಡೇ ಇಷ್ಟು ಮಾಡುತ್ತಿದ್ದರೆ ಮೂರನೆಯದೂ ಸೇರಿದ್ದರೆ ಗತಿಯೇನು ಎಂದುಕೊಂಡ. ಒಂದು ಗಳಿಗೆ ತನ್ನ ಬುದ್ಧಿವಂತಿಕೆಗೆ ತಾನೇ ಬೆನ್ನು ತಟ್ಟಿಕೊಂಡೂಬಿಟ್ಟ. ಅವಳು ಲೋಟ ಚಾಚಿ, ನಿನ್ನೆ ಎರಡು ಸಲವೂ ಹೇಳಿದಂತೆ, "ಇನ್ನೊಂದು ಲೋಟ ಬಿಸಿನೀರು ಕಾಯಿಸ್ಕೊಂಡು ಬನ್ನಿ," ಎಂದಳು. ಲೋಟದಲ್ಲಿ ಇನ್ನೂ ಕಾಲು ಭಾಗ ನೀರಿತ್ತು. ಅದನ್ನು ಅವಳ ಪಕ್ಕದಲ್ಲೇ ಇಟ್ಟು, ಬೇರೆ ಲೋಟ ಹಿಡಿದು ಅವನು ಅಡುಗೆಮನೆಗೆ ಹೋದ. ನೀರು ಕಾಯುವ ತನಕ ಒಲೆಯ ಮುಂದೆ ನಿಂತು, ಇವತ್ತಿಗೆ ಐದನೆಯ ದಿನ ಎಂದು ಬೆರಳು ಮಡಿಚಿದ. ಭಾನುವಾರ ಜ್ವರ. ಸೋಮವಾರ ಮೂಗಿನ ದ್ರವ ಪರೀಕ್ಷಿಸುವ ಪಟ್ಟಿಯಲ್ಲಿ ಎರಡು ಗೆರೆ. ಮಂಗಳವಾರ ಡಾಕ್ಟರು. ಜ್ವರ ಬಂದ ಐದು ದಿನದ ಒಳಗೆ ಶುರುಮಾಡಿದರಷ್ಟೇ ಈ ಮಾತ್ರೆ ಕೆಲಸ ಮಾಡುವುದು ಎಂದಿದ್ದರು ಡಾಕ್ಟರು. ಅವರು ಇನ್ನೂ ಏನೇನೋ ಹೇಳಿದ್ದರು. ಕೊಲೆಸ್ಟರಾಲಿನದೋ ಸಕ್ಕರೆಯದೋ ಒಂದು ಮಾತ್ರೆಯ ಹೆಸರೂ ಆ ಮಾತಿನಲ್ಲಿ ಬಂದಿತ್ತು. ಅವನು ಕೇಳಿಸಿಕೊಂಡಿರಲಿಲ್ಲ. ಅವರು ಮಾದರಿಗೆಂದು ಮೇಜಿನ ಮೇಲಿಟ್ಟಿದ್ದ ಡಬ್ಬಿಯನ್ನೇ ನೋಡುತ್ತಿದ್ದ, ಏಕೆಂದರೆ ಆ ಡಬ್ಬಿಯ ಪರಿಚಯ ಅವನಿಗೆ ಮೊದಲೇ ಇತ್ತು.

ಕೋಟು ಹೊಲಿಯುವ ಕಾರ್ಖಾನೆಗೆ ನಡೆದು ಹೋಗುವಾಗ ಆ ಕಿಟಕಿ ನೆನಪಾಯಿತು. ನೆನಪಾಯಿತು ಎನ್ನುವುದು ಸರಿಯಲ್ಲ, ಅದು ಮೂರು ವರ್ಷದಿಂದ ಅವನ ಜೊತೆಗೇ ಓಡಾಡಿಕೊಂಡಿತ್ತು. ಮೊದಲ ಮಹಡಿಯ ಕಿಟಕಿ, ಅದರ ಬಳಿ ಅವನು, ಅವನ ಹಿಂದೆ ಟೀ ಲೋಟ ಹಿಡಿದ ಇಪ್ಪತ್ತು ಜನ. ಕೆಳಗೆ ಬೀದಿಯಲ್ಲಿ, ಮೂಗು ಬಾಯಿಗೆ ಟವೆಲು ಸುತ್ತಿಕೊಂಡು ಕಾಜಾದವನು ನಿಂತಿದ್ದ. ಗುಂಡಿಯ ತೂತಿಗೆ ದಾರದಲ್ಲಿ ಅಂಚು ಕಟ್ಟುವುದು, ಕಾಜಾ ಹಾಕುವುದು, ಅವನ ಕೆಲಸ. ಹದಿನೆಂಟು ವರ್ಷದಿಂದ ಒಟ್ಟಿಗೆ ದುಡಿದವನು. ಅವನಿಗೆ ಜ್ವರ ಬಂದಿತ್ತು, ಡಾಕ್ಟರು ಹೊಸ ಮಾತ್ರೆ ಬರೆದಿದ್ದರು, ನುಂಗುವ ಮೊದಲು ಬಟ್ಟೆ ಕತ್ತರಿಸುವ ಮಾಸ್ಟರಾದ ಇವನನ್ನು ಒಂದು ಮಾತು ಕೇಳೋಣ ಎಂದು ಬಂದಿದ್ದ. ಡಬ್ಬಿಯನ್ನು ತಲೆಯ ಮೇಲೆತ್ತಿ ತೋರಿಸಿದ್ದ. ಆಗ ಮಾಸ್ಟರ್ ಎಲ್ಲರಿಗೂ ಕೇಳಲೆಂದೇ ಜೋರಾಗಿ ಹೇಳಿದ್ದು: "ಎರಡು ಗುಲಾಬಿ, ಒಂದು ಬಿಳಿ. ಇದು ಔಷಧಿಯೋ, ಮದುವೆ ಮನೆ ಅಲಂಕಾರವೋ?" ಹಿಂದೆ ಇಪ್ಪತ್ತು ಜನ ನಕ್ಕರು. ನಗು ಕಿವಿಗೆ ಬಿದ್ದ ಮೇಲೆ ನಾಲಿಗೆಗೆ ಲಗಾಮಿಲ್ಲ. ಐದು ದಿನದಲ್ಲಿ ವಾಸಿ ಮಾಡುವುದು ಐದು ವರ್ಷದಲ್ಲಿ ಏನು ಮಾಡುತ್ತದೋ ಯಾರಿಗೆ ಗೊತ್ತು ಎಂದ. ಒಂದು ಕೋಟಿನ ಅಳತೆ ಸರಿಬರಲಿಕ್ಕೆ ಮೂರು ಸಲ ಹಾಕಿ ನೋಡಬೇಕು, ಇವರು ಎರಡು ವರ್ಷದಲ್ಲಿ ಮದ್ದು ಹೊಲಿದು ಕೊಟ್ಟುಬಿಟ್ಟರಂತೆ ಎಂದ. ಕೆಳಗಿದ್ದವನೂ ಟವೆಲಿನೊಳಗೆ ನಕ್ಕ. ಡಬ್ಬಿಯನ್ನು ಅಂಗಡಿಗೆ ವಾಪಸು ಕೊಟ್ಟ. ಆಮೇಲೆ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿ ಕೊಳವೆ ಹಾಕಿಕೊಂಡು ಮಲಗಿದ. ಬದುಕಿ ಬಂದ. ಆದರೆ ಮೆಟ್ಟಿಲು ಹತ್ತುವ ಶಕ್ತಿ ಹೋಯಿತು, ಈಗ ನೆಲಮಹಡಿಯ ಉಗ್ರಾಣದ ಮೂಲೆಯಲ್ಲಿ ಅವನಿಗೊಂದು ಕುರ್ಚಿ, ಮೇಲಿನಿಂದ ಕೋಟುಗಳು ಬುಟ್ಟಿಯಲ್ಲಿ ಇಳಿಯುತ್ತವೆ, ಕಾಜಾ ಹಾಕಿಸಿಕೊಂಡು ಮೇಲೇರುತ್ತವೆ. ಯಾರೂ ಮಾಸ್ಟರನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಇವತ್ತೂ ಉಗ್ರಾಣದ ಬಾಗಿಲ ಮುಂದೆಯೇ ಹಾದು ಮೆಟ್ಟಿಲು ಹತ್ತಬೇಕು. ಕಾಜಾದವನು ತಲೆ ಎತ್ತಿ, ಅತ್ತಿಗೆಗೆ ಹೇಗಿದೆ ಎಂದು ಕೇಳಿದ, ಡಾಕ್ಟರು ಆ ಮಾತ್ರೆ ಬರೆದರಾ ಎಂದೂ ಕೇಳಿದ. ಅವನ ಧ್ವನಿಯಲ್ಲಿ ಚುಚ್ಚು ಇತ್ತೇ ಎಂದು ಹುಡುಕಿದರೆ ಏನೂ ಸಿಗಲಿಲ್ಲ. ಮಾತ್ರೆ ಗೀತ್ರೆ ಏನೂ ಇಲ್ಲ, ಬಿಸಿನೀರು, ವಿಶ್ರಾಂತಿ ಅಷ್ಟೇ ಎಂದು ಮಾಸ್ಟರ್ ಮಾಸ್ಕಿನೊಳಗಿಂದ ಹೇಳಿದ. ಮಾತ್ರೆಯ ಡಬ್ಬಿಯನ್ನು ಅಂಗಿಯ ಒಳಜೇಬಿನಲ್ಲಿ, ಎದೆಗೆ ಒತ್ತಿಕೊಂಡು, ಹಿಂದಿನ ರಸ್ತೆಯಿಂದ ಮನೆಗೆ ತಂದವನು ಅವನೇ. ಒಟ್ಟು ಹದಿನಾಲ್ಕು ಮೆಟ್ಟಿಲು. ಒಂದೊಂದನ್ನೂ ಹತ್ತುವಾಗ ಕೆಳಗೆ ಕೂತವನಿಗೆ ತನ್ನ ಚಪ್ಪಲಿಯ ಸದ್ದು ಕೇಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಬೇಗ ಹತ್ತಿದರೆ ಜಂಬ, ನಿಧಾನ ಹತ್ತಿದರೆ ನಾಟಕ.

ಮೇಜಿನ ಮೇಲೆ ಇಪ್ಪತ್ತು ಪದರ ಬಟ್ಟೆ ಹಾಸಿ ಕಾಯುತ್ತಿತ್ತು. ಹೋಟೆಲು ಮಾಣಿಗಳ ಕಪ್ಪು ಕೋಟು. ಕಾಗದದ ಅಚ್ಚುಗಳನ್ನು ಬಟ್ಟೆಯ ಮೇಲೆ ಜೋಡಿಸಿ ಚಾಕಿನಲ್ಲಿ ಗೆರೆ ಎಳೆಯುವುದು ಅವನ ಕೆಲಸ. ತೋಳಿನ ಪಕ್ಕದ ಸಂದಿಯಲ್ಲಿ ಕಾಲರು, ಕಾಲರಿನ ಪಕ್ಕದ ಸಂದಿಯಲ್ಲಿ ಜೇಬಿನ ಮುಚ್ಚಳ, ಹೀಗೆ ಕೂರಿಸಿ ಕೂರಿಸಿ ನಾಲ್ಕು ಬೆರಳು ಬಟ್ಟೆ ಉಳಿಸುವುದರಲ್ಲಿ ಅವನನ್ನು ಮೀರಿಸುವವರು ಯಾರೂ ಇರಲಿಲ್ಲ. ಅವನಿಗೆ ಬಂದ ಹೆಸರೆಲ್ಲ ಉಳಿಸಿದ್ದರಿಂದ ಬಂದದ್ದು. ಹಾಗೆ ನೋಡಿದರೆ ಬಿಳಿ ಮಾತ್ರೆಯೂ ಅದೇ ಕೈಯ ಕೆಲಸ. ಮಂಗಳವಾರ ಸಂಜೆ ಡಬ್ಬಿ ಬಿಚ್ಚಿದಾಗ ಅವನಿಗೆ ಕಂಡದ್ದು ಎರಡು ಗುಲಾಬಿ, ಅಂದರೆ ಬಟ್ಟೆ. ಒಂದು ಬಿಳಿ, ಅಂದರೆ ಅಂಗಡಿಯವರು ಚಂದಕ್ಕೆ ಸೇರಿಸಿದ ಲೇಸು. ಹೋದ ವರ್ಷ ಸಾಮಾನ್ಯ ಜ್ವರಕ್ಕೇ ಅವಳು ಎದೆ ಕಟ್ಟಿಕೊಂಡು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು, ಜೊತೆಗೆ ಸಕ್ಕರೆ ಕಾಯಿಲೆ, ಅರವತ್ತೊಂದು ವಯಸ್ಸು. ಮಾತ್ರೆ ಕೊಡದಿರಲು ಅವನಿಗೆ ಧೈರ್ಯವಾಗಲಿಲ್ಲ. ಪೂರ್ತಿ ಕೊಡಲು ಆ ಕಿಟಕಿಯಲ್ಲಿ ನಿಂತವನು ಬಿಡಲಿಲ್ಲ. ಕಾಜಾದವನಿಗೆ ಬೇಡವೆಂದದ್ದು ತನ್ನ ಹೆಂಡತಿಗೆ ಪೂರ್ತಿಯಾಗಿ ಬೇಕು ಎಂದರೆ, ಆವತ್ತಿನ ಮಾತು ಏನಾಗಿತ್ತು? ಆದ್ದರಿಂದ ಅವನು ತನ್ನ ಮಾತಿನದೊಂದು ತುಂಡು ಉಳಿಯುವ ಹಾಗೆ ಮಾತ್ರೆಯನ್ನು ಕತ್ತರಿಸಿಕೊಂಡ. ಇದೆಲ್ಲ ಅವನಿಗೆ ಇಷ್ಟು ಸ್ಪಷ್ಟವಾಗಿ ಹೊಳೆದದ್ದು ಕತ್ತರಿ ಕೈಯಲ್ಲಿದ್ದಾಗ. ಇಪ್ಪತ್ತು ಪದರದ ಮೇಲೆ ಕತ್ತರಿಯ ಬಾಯಿ ಇಟ್ಟವನು ಒತ್ತದೆ ನಿಂತ. ಇಲ್ಲಿ ಒಂದು ಗೆರೆ ತಪ್ಪಿದರೆ ಇಪ್ಪತ್ತು ಕೋಟಿನಲ್ಲಿ ತಪ್ಪುತ್ತದೆ. ಕತ್ತರಿ ಕೆಳಗಿಟ್ಟು, ಮಧ್ಯಾಹ್ನದ ಮೇಲೆ ನೀನೇ ನೋಡಿಕೋ ಎಂದು ಸಹಾಯಕನಿಗೆ ಹೇಳಿ ಹೊರಟ. ಇಳಿಯುವಾಗ ಉಗ್ರಾಣದ ಕುರ್ಚಿ ಖಾಲಿ ಇತ್ತು. ಅವನಿಗೆ ಹಾಯೆನಿಸಿತು, ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಔಷಧಿ ಅಂಗಡಿಗೆ ಹೋದದ್ದು ಹೆಂಡತಿಯ ಕೊಲೆಸ್ಟರಾಲ್ ಮಾತ್ರೆ ತರಲಿಕ್ಕೆ. ಬೆಳಿಗ್ಗೆ ಹಾಳೆ ಖಾಲಿಯಾಗಿರುವುದನ್ನು ನೋಡಿದ್ದ, ಒಂದಾದರೂ ಜವಾಬ್ದಾರಿಯ ಕೆಲಸ ಮಾಡಿದಂತಾಗಲಿ ಎಂದುಕೊಂಡಿದ್ದ. ಕೌಂಟರಿನ ಹಿಂದೆ ಇದ್ದವಳು ಐವತ್ತರ ಆಸುಪಾಸಿನ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡವಳು. ಒಂದು ಕತ್ತರಿ ಹಿಡಿದು ಯಾರಿಗೋ ಮಾತ್ರೆಯ ಹಾಳೆಯಲ್ಲಿ ಆರು ಎಣಿಸಿ ಕತ್ತರಿಸುತ್ತಿದ್ದಳು. ಅವನ ಕಣ್ಣು ಆ ಕತ್ತರಿಯ ಮೇಲೇ ನಿಂತಿತು. ತಿರುಪು ಸಡಿಲ, ಅಲಗುಗಳ ನಡುವೆ ಅಕ್ಕಿ ಕಾಳು ತೂರುವಷ್ಟು ಸಂದಿ, ಹಾಳೆಯನ್ನು ಕತ್ತರಿಸುವ ಬದಲು ಅಗಿಯುತ್ತಿತ್ತು. ಅವನು ಬಾಯಿ ಬಿಟ್ಟು ಕೊಲೆಸ್ಟರಾಲ್ ಮಾತ್ರೆಯ ಹೆಸರು ಹೇಳುವಷ್ಟರಲ್ಲಿ ಅವಳು ಕನ್ನಡಕ ಏರಿಸಿ ಅವನನ್ನು ಗುರುತು ಹಿಡಿದಳು. ಮಂಗಳವಾರ ಆ ಡಬ್ಬಿ ಕೊಟ್ಟವಳೂ ಅವಳೇ.

"ಇದನ್ನ ಈಗ ಕೊಡಲ್ಲ ಸರ್," ಎಂದಳು. "ಆ ಕೋರ್ಸು ಮುಗಿದು ಕೆಲವು ದಿನ ಆಗೋವರೆಗೂ ಇದು ನಿಲ್ಲಿಸಬೇಕು. ಡಾಕ್ಟರು ಹೇಳಲಿಲ್ವಾ?"

ಹೇಳಿದ್ದರು ಎಂದು ಅವನು ತಲೆಯಾಡಿಸಿದ. ಗುಲಾಬಿ, ಬಿಳಿ ಮೂರೂ ಒಟ್ಟಿಗೇ ತಗೊಳ್ತಿದ್ದಾರಾ ಎಂದು ಅವಳು ಕೇಳಿದಳು. ಅದಕ್ಕೂ ತಲೆಯಾಡಿಸಿದ. ಸುಳ್ಳು ಹೇಳುವುದಕ್ಕೆ ಬಾಯಿಯೂ ಬೇಕಾಗುವುದಿಲ್ಲ ಎಂದು ಅವನಿಗೆ ಈ ವಯಸ್ಸಿನಲ್ಲಿ ಗೊತ್ತಾದದ್ದು. ಆದರೆ ಸುಮ್ಮನಿರಲಾಗದೆ, ಏನೋ ಸಾಮಾನ್ಯ ಕುತೂಹಲವೆಂಬಂತೆ, ಆ ಬಿಳಿಯದು ಏನು ಮಾಡುತ್ತದೆ ಎಂದು ಕೇಳಿದ.

"ಅದಾ? ಅದು ವೈರಸ್ಸಿಗೆ ಏನೂ ಮಾಡಲ್ಲ," ಎಂದಳು ಅವಳು.

ಅರೆಗಳಿಗೆ ಅವನ ಎದೆ ಉಬ್ಬಿತು. ನಾನು ಹೇಳಲಿಲ್ಲವೇ, ಲೇಸು ಎಂದು. ಆ ಅರೆಗಳಿಗೆಯನ್ನು ಆಮೇಲೆ ಅವನು ಎಷ್ಟು ಸಲ ನೆನೆದು ತಲೆ ಚಚ್ಚಿಕೊಂಡನೋ. ಅವಳು ಮಾತು ಮುಗಿಸಿರಲಿಲ್ಲ. ಅಂಗಡಿಯಲ್ಲಿ ಅವನ ಹಿಂದೆ ಇನ್ನಿಬ್ಬರು ನಿಂತಿದ್ದರು, ಅವಳಿಗೆ ಅದರ ಪರಿವೆಯಿರಲಿಲ್ಲ. ದಿನಕ್ಕೆ ಹತ್ತು ಸಲ ಇದನ್ನೇ ಹೇಳಿದರೂ ಬೇಸರವಾಗದ ಜಾತಿಯವಳು ಇರಬೇಕು. ವೈರಸ್ಸು ನಮ್ಮ ಮೈಯ ಕಣದೊಳಗೆ ಹೊಕ್ಕು, ನಮ್ಮ ಯಂತ್ರದಲ್ಲೇ ತನಗೆ ಬೇಕಾದದ್ದನ್ನು ಹೊಲಿಸಿಕೊಳ್ಳುತ್ತದೆ ಎಂದಳು. ಹೊಲಿಸುವುದು ಒಂದೇ ಉದ್ದನೆಯ ಪಟ್ಟಿ. ಪಟ್ಟಿಯಾಗಿಯೇ ಇದ್ದರೆ ಅದರಿಂದ ಪ್ರಯೋಜನವಿಲ್ಲ. ಅದನ್ನು ಸರಿಯಾದ ಗುರುತಿನಲ್ಲಿ ತುಂಡು ಮಾಡಬೇಕು, ಆ ತುಂಡುಗಳೇ ಹೊಸ ವೈರಸ್ಸು ಮಾಡುವ ಉಪಕರಣಗಳು. ತುಂಡು ಮಾಡಲು ಅದರ ಹತ್ತಿರ ತನ್ನದೇ ಒಂದು ಕತ್ತರಿ ಇದೆ. "ಹೀಗೆ," ಎಂದು ಅವಳು ಆ ದರಿದ್ರ ಕತ್ತರಿಯನ್ನು ಗಾಳಿಯಲ್ಲಿ ಕಚಕಚ ಆಡಿಸಿದಳು. ಗುಲಾಬಿ ಮಾತ್ರೆ ಹೋಗಿ ಆ ಕತ್ತರಿಯ ಬಾಯಲ್ಲಿ ಕೂತುಬಿಡುತ್ತದೆ. ಅದಕ್ಕೆಂದೇ ಅಳತೆ ತೆಗೆದು ಮಾಡಿದ ತುಂಡು ಅದು. ಅಂಥ ಕತ್ತರಿ ನಮ್ಮ ಮೈಯಲ್ಲಿ ಇಲ್ಲ, ಹಾಗಾಗಿ ಅದು ನಮ್ಮ ಕೆಲಸಕ್ಕೆ ಅಡ್ಡ ಬರುವುದಿಲ್ಲ.

ಅವನು ಉಸಿರು ಬಿಗಿಹಿಡಿದು ಕೇಳುತ್ತಿದ್ದ. ಇದುವರೆಗೆ ಔಷಧಿಯ ವಿಷಯದಲ್ಲಿ ಯಾರೂ ಅವನ ಭಾಷೆಯಲ್ಲಿ ಮಾತಾಡಿರಲಿಲ್ಲ. ಕತ್ತರಿಸಿ ಮುಗಿದ ಮೇಲೆ ಕತ್ತರಿಯ ಬಾಯಿ ಕಟ್ಟಿ ಪ್ರಯೋಜನವಿಲ್ಲ ಎಂಬುದು ಅವಳು ಹೇಳುವ ಮೊದಲೇ ಅವನಿಗೆ ಹೊಳೆದು, "ಅದಕ್ಕೇ ಐದು ದಿನ," ಎಂದ. ಅವಳು ಹೌದೆಂದು ಬೆರಳೆತ್ತಿದಳು, ಪಾಠ ಬಂದ ಹುಡುಗನನ್ನು ಮೆಚ್ಚುವ ಮೇಷ್ಟರ ಹಾಗೆ. ಇಷ್ಟು ಬೇಗ ಹೇಗೆ ಕಂಡುಹಿಡಿದರು ಎಂದು ಅವನು ಕೇಳಿದ. ಕಿಟಕಿಯಲ್ಲಿ ಕೇಳಿದ್ದೂ ಇದೇ ಪ್ರಶ್ನೆ, ಆದರೆ ಆವತ್ತು ಅದು ಉತ್ತರ ಬೇಡದ ಪ್ರಶ್ನೆಯಾಗಿತ್ತು. ಬೇಗ ಎಲ್ಲಿ ಎಂದಳು ಅವಳು. ಇಪ್ಪತ್ತು ವರ್ಷದ ಹಿಂದೆ ಇದರದೇ ದಾಯಾದಿ ವೈರಸ್ಸು ಬಂದಿತ್ತು, ಆಗಲೇ ಆ ಕತ್ತರಿಗೆ ಅಳತೆ ತೆಗೆದಿದ್ದರು. ಆ ರೋಗ ತಾನಾಗಿಯೇ ಅಡಗಿತು, ಕೆಲಸವನ್ನು ಎತ್ತಿಟ್ಟರು. ಮತ್ತೆ ಬೇಕಾದಾಗ ಇಳಿಸಿಕೊಂಡು, ನುಂಗುವ ಮಾತ್ರೆಯಾಗುವ ಹಾಗೆ ತಿದ್ದಿ, ಸಾವಿರಾರು ಜನರ ಮೇಲೆ ಪರೀಕ್ಷೆ ಮಾಡಿ ನೋಡಿದರು. ಅವನಿಗೆ ತನ್ನ ಕೋಣೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಹಳೆಯ ಕಾಗದದ ಅಚ್ಚುಗಳು ಕಣ್ಣಿಗೆ ಬಂದವು. ಮೂವತ್ತು ವರ್ಷ ಹಳೆಯ ಅಚ್ಚನ್ನು ಇಳಿಸಿ, ಧೂಳು ಕೊಡವಿ, ಒಂದೇ ದಿನದಲ್ಲಿ ಕೋಟು ಕತ್ತರಿಸಿಕೊಟ್ಟಾಗ ಗಿರಾಕಿಗಳು ಇಷ್ಟು ಬೇಗ ಹೇಗೆ ಎಂದು ಬಾಯಿ ಬಿಡುತ್ತಾರೆ. ಆಗ ಅವನು ಮೀಸೆಯಡಿಯಲ್ಲಿ ನಗುತ್ತಾನೆ.

"ಎಲ್ಲರಿಗೂ ಬೇಕು ಅಂತಲ್ಲ," ಎಂದಳು ಅವಳು. "ಗಟ್ಟಿಮುಟ್ಟಾದವರಿಗೆ ಅಂಥ ಲಾಭ ಇಲ್ಲ. ಕೆಲವರಿಗೆ ಬಿಟ್ಟ ಜ್ವರ ನಾಲ್ಕು ದಿನ ಆದಮೇಲೆ ಮತ್ತೆ ಬರುತ್ತೆ. ಬಾಯಿ ಕಹಿ ಆಗುತ್ತೆ, ಸೂಜಿ ನೆಕ್ಕಿದ ಹಾಗೆ. ಇರೋದನ್ನ ಇರೋ ಹಾಗೆ ಹೇಳಬೇಕಲ್ಲ. ಆದರೆ ನಿಮ್ಮ ಮನೆಯವರ ಹಾಗೆ ಸಕ್ಕರೆ ಇರೋರಿಗೆ, ವಯಸ್ಸಾದೋರಿಗೆ, ಇದು ಆಸ್ಪತ್ರೆ ಮೆಟ್ಟಿಲು ತಪ್ಪಿಸುತ್ತೆ."

ಬಿಳಿಯದು, ಎಂದು ಅವನು ನೆನಪಿಸಿದ.

ನಮ್ಮ ಪಿತ್ತಜನಕಾಂಗ ಬಲು ಚುರುಕು ಎಂದಳು ಅವಳು. ಪರಕೀಯ ವಸ್ತು ಏನು ಬಂದರೂ ಒಡೆದು ಹೊರಗೆ ಹಾಕುತ್ತದೆ, ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲ. ಗುಲಾಬಿ ಮಾತ್ರೆಯನ್ನೂ ಹಾಗೇ ಗಂಟೆ ಕಳೆಯುವುದರೊಳಗೆ ಗುಡಿಸಿಹಾಕುತ್ತದೆ. ಬಿಳಿ ಮಾತ್ರೆ ಬೇರೊಂದು ಕಾಯಿಲೆಗೆ ಮೊದಲೇ ಇದ್ದ ಮದ್ದು, ಅದು ಹೋಗಿ ಆ ಗುಡಿಸುವ ಕೈಗಳನ್ನು ಹಿಡಿದುಕೊಳ್ಳುತ್ತದೆ, ಗುಲಾಬಿಯದು ತನ್ನ ಕೆಲಸ ಮುಗಿಸುವವರೆಗೂ ಬಿಡುವುದಿಲ್ಲ. ಕೊಲೆಸ್ಟರಾಲ್ ಮಾತ್ರೆಯನ್ನು ಗುಡಿಸುವುದೂ ಅವೇ ಕೈಗಳು, ಅವು ಕಟ್ಟಿಹೋದಾಗ ಅದು ಮೈಯಲ್ಲಿ ಗುಡ್ಡೆ ಬೀಳುತ್ತದೆ, ಅದಕ್ಕೇ ನಿಲ್ಲಿಸಿ ಎನ್ನುವುದು. "ಬಿಳಿಯದಿಲ್ಲದೆ ಗುಲಾಬಿ ನುಂಗೋದೂ ಒಂದೇ, ಅರ್ಧ ನೀರಿಗೆ ಹಾಕೋದೂ ಒಂದೇ. ಅದು ಕಾಣದೆ ಹಿಂದೆ ನಿಂತು ಕೆಲಸ ಮಾಡೋದು ಸರ್."

ಅವನು ಕೈಚಾಚಿ, "ಆ ಕತ್ತರಿ ಕೊಡಿ ಮೇಡಂ," ಎಂದ. ಯಾಕೆಂದು ಕೇಳದೆ ಅವಳು ಕೊಟ್ಟಳು. ಅಂಗಿಯ ಜೇಬಿನಿಂದ ಒಂದು ನಾಣ್ಯ ತೆಗೆದು ತಿರುಪಿನ ಗೀಟಿನೊಳಗೆ ಕೂರಿಸಿ ಅವನು ತಿರುಗಿಸತೊಡಗಿದ. ತಲೆ ಎತ್ತದೆ, ಕತ್ತರಿಯ ತಿರುಪಿಗೇ ಹೇಳುವವನಂತೆ, "ಬಿಳಿಯದು ನಾನು ಕೊಟ್ಟಿಲ್ಲ ಮೇಡಂ. ನಾಲ್ಕು ಸಲವೂ ತೆಗೆದಿಟ್ಟೆ. ಅದು ಸುಮ್ಮನೆ ಸೇರಿಸಿದ್ದು ಅಂದ್ಕೊಂಡೆ," ಎಂದ.

ಹಿಂದೆ ನಿಂತವರ ಪೈಕಿ ಒಬ್ಬರು ಲೊಚಗುಟ್ಟಿದ್ದು ಅವನಿಗೆ ಕೇಳಿಸಿತು. ಅವಳು ಬಯ್ಯಲಿಲ್ಲ. ಬಯ್ಯುತ್ತಾಳೆ ಎಂದು ಅವನು ಕುತ್ತಿಗೆ ಬಗ್ಗಿಸಿ ಕಾದ, ಅವಳು ಫೋನೆತ್ತಿ ಡಾಕ್ಟರಿಗೆ ವಿಷಯ ತಿಳಿಸುತ್ತಿದ್ದಳು. ಉಸಿರಾಟ ಎಷ್ಟು, ಜ್ವರ ಎಷ್ಟು ಎಂದು ನಡುವೆ ಅವನನ್ನು ಕೇಳಿದಳು, ಅವನು ಎಣಿಸಿದ್ದನ್ನು ಹೇಳಿದ. ಫೋನಿಟ್ಟು, ಇವತ್ತು ಸಂಜೆ ಎಂಟಕ್ಕೆ ಮೂರನ್ನೂ ಒಟ್ಟಿಗೆ ಕೊಡಿ, ಬಿಟ್ಟದ್ದನ್ನು ಸೇರಿಸಿ ಒಂದೇ ಸಲ ಕೊಡುವುದು ಬೇಡ, ಉಸಿರು ಇಪ್ಪತ್ತೈದು ದಾಟಿದರೆ ಕಾಯದೆ ಆಸ್ಪತ್ರೆಗೆ ಬನ್ನಿ ಎಂದು ಒಂದು ಚೀಟಿಯ ಮೇಲೆ ಬರೆದುಕೊಟ್ಟಳು. "ಹೇಳಿದ್ರಲ್ಲ, ಅದೇ ದೊಡ್ಡದು. ಎಷ್ಟೋ ಜನ ಹೇಳಲ್ಲ," ಎಂದಳು. ಅವನು ಕತ್ತರಿಯನ್ನು ಕೌಂಟರಿನ ಮೇಲಿಟ್ಟ. ಅವಳು ಒಂದು ಹಾಳೆ ಕತ್ತರಿಸಿ ನೋಡಿದಳು. ಅಂಚು ಗೆರೆ ಎಳೆದಂತೆ ಬಂತು.

ತಿರುಗಿದಾಗ ಬಾಗಿಲ ಪಕ್ಕದ ಬೆಂಚಿನ ಮೇಲೆ, ಔಷಧಿಯನ್ನು ಉಸಿರಿನಲ್ಲಿ ಎಳೆದುಕೊಳ್ಳುವ ಪಂಪನ್ನು ಕೈಯಲ್ಲಿ ಹಿಡಿದು, ಕಾಜಾದವನು ಕೂತಿದ್ದ. ತಿಂಗಳಿಗೊಮ್ಮೆ ಆ ಪಂಪು ಕೊಳ್ಳಲು ಬರುತ್ತಾನೆ, ವಾಪಸು ನಡೆಯುವ ಮೊದಲು ಹತ್ತು ನಿಮಿಷ ಕೂತು ದಣಿವಾರಿಸಿಕೊಳ್ಳುತ್ತಾನೆ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಮುಂದೆ ನಿಂತಾಗ ಮಾಸ್ಟರಿಗೆ ಕಿಟಕಿ ತಿರುವುಮುರುವಾದಂತೆ ತೋರಿತು, ಈಗ ಬೀದಿಯಲ್ಲಿ ನಿಂತವನು ತಾನು. ಕ್ಷಮಿಸು ಎಂಬ ಮಾತು ಬಾಯಿಗೆ ಬಂದರೂ ಅದು ಮೂರು ವರ್ಷ ತಡವಾದ, ಐದು ದಿನದ ಗಡುವು ಮೀರಿದ ಮಾತು ಎನಿಸಿ ನಾಲಿಗೆ ಹೊರಳಲಿಲ್ಲ.

"ನನಗೆ ಪೂರ್ತಿ ಬೇಡ ಅಂದಿದ್ರಿ. ಅತ್ತಿಗೆಗೆ ಮೂರರಲ್ಲಿ ಎರಡು ಕೊಟ್ಟಿದ್ದೀರಿ," ಎಂದ ಕಾಜಾದವನು, ಮಾತಿನ ನಡುವೆ ಉಸಿರು ಎಳೆದುಕೊಂಡು. "ಸುಧಾರಿಸಿದ್ದೀರಿ ಮಾಸ್ಟ್ರೇ."

ಅವನ ಕಣ್ಣಂಚಿನಲ್ಲಿ ನಗುವಿತ್ತು. ಮಾಸ್ಟರಿಗೆ ಅಳು ಬಂದದ್ದು ಆ ನಗುವಿಗೆ. "ಆವತ್ತು ನಾನು ಹೇಳಿದ್ದು ತಪ್ಪು ಕಣಯ್ಯಾ. ಗೊತ್ತಿಲ್ಲದೆ ಹೇಳಿದೆ. ಜನ ನಗ್ತಾರೆ ಅಂತ ಹೇಳಿದೆ," ಎಂದ, ಅಂಗಡಿಯಲ್ಲಿ ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ. ನಾನೂ ನಕ್ಕೆನಲ್ಲ ಎಂದ ಕಾಜಾದವನು. ಮೊದಲು ಮನೆಗೆ ಹೋಗಿ ಎಂದು ಪಂಪು ಹಿಡಿದ ಕೈಯನ್ನೇ ಬಾಗಿಲ ಕಡೆ ಬೀಸಿದ.

ಮನೆಯ ದಾರಿಯುದ್ದಕ್ಕೂ ಅವನ ತಲೆಯಲ್ಲಿ ಎರಡು ಯೋಚನೆಗಳು ಒಂದನ್ನೊಂದು ತಳ್ಳುತ್ತಿದ್ದವು. ನಾಲ್ಕು ಹೊತ್ತಿನ ಮಾತ್ರೆ ನೀರುಪಾಲಾಯಿತು, ಇವತ್ತು ಐದನೆಯ ದಿನ, ಅವಳಿಗೇನಾದರೂ ಆದರೆ ಅದಕ್ಕೆ ಹೊಣೆ ತಾನು. ಅದರ ಬೆನ್ನಿಗೇ, ಬೇಡವೆಂದರೂ, ಆ ಕತ್ತರಿ. ಕಣ್ಣಿಗೆ ಕಾಣದಷ್ಟು ಚಿಕ್ಕ ಕತ್ತರಿಯ ಬಾಯಿಯ ಅಗಲ, ಆಳ, ವಾಲು, ಎಲ್ಲವನ್ನೂ ಯಾರೋ ಒಬ್ಬರು, ಯಾರೋ ಹತ್ತು ಜನ, ಎಲ್ಲೋ ಒಂದು ಕೋಣೆಯಲ್ಲಿ ಕೂತು ಅಳೆದಿದ್ದಾರೆ. ನಲವತ್ತು ವರ್ಷ ಕತ್ತರಿ ಹಿಡಿದವನಿಗೆ ಗೊತ್ತು, ಕತ್ತರಿಯನ್ನು ನಿಲ್ಲಿಸುವುದು ಸುಲಭವಲ್ಲ. ಗಟ್ಟಿ ವಸ್ತು ಕೊಟ್ಟರೆ ಅಲಗಿಗೆ ಕಚ್ಚು ಬೀಳುತ್ತದೆ, ಮೆತ್ತನೆಯದು ಕೊಟ್ಟರೆ ಕತ್ತರಿಸಿ ಮುಂದೆ ಹೋಗುತ್ತದೆ. ಎರಡು ಅಲಗು ಸೇರುವ ಕಡೆ, ಸರಿಯಾಗಿ ಅಲ್ಲಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದ ತುಂಡೊಂದು ಹೋಗಿ ಕೂತರೆ ಮಾತ್ರ ಅದು ನಿಲ್ಲುತ್ತದೆ. ಅಷ್ಟಕ್ಕೇ ಸುಮ್ಮನಾಗದೆ, ಈ ತುಂಡನ್ನು ಮೈ ಗುಡಿಸಿಹಾಕುತ್ತದಲ್ಲ ಎಂದು ಯೋಚಿಸಿ, ಬೇರೊಂದು ಕಾಯಿಲೆಯ ಹಳೆಯ ಮದ್ದನ್ನು ಹುಡುಕಿ ಅದರ ಬೆನ್ನಿಗೆ ಕಾವಲು ಕಳಿಸಿದ್ದಾರೆ. ಎಂಥ ಕೈ, ಎಂಥ ತಲೆ ಎಂದು ಅವನು ರಸ್ತೆಯ ನಡುವೆ ನಿಂತೇಬಿಟ್ಟ. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಬಯ್ದು ಹೋದ. ಕಾಣದ ಆ ಕೆಲಸಗಾರರ ಎದುರು ಅವನಿಗೆ ಮೊದಲ ಸಲ ಹೊಟ್ಟೆಕಿಚ್ಚಿಲ್ಲದ ಗೌರವ ಹುಟ್ಟಿತು. ಅಂಥವರ ಕೆಲಸದ ಮೂರರಲ್ಲಿ ಒಂದು ಪಾಲನ್ನು ತಾನು ಲೇಸೆಂದು ಕತ್ತರಿಸಿ ಡಬ್ಬಿಗೆ ಹಾಕಿದ್ದ. ಹೊಸದರಲ್ಲಿ ಹನ್ನೊಂದು ಕೋಟುಗಳಿಗೆ ಎದೆಯೊಳಗಿನ ಕ್ಯಾನ್ವಾಸು ಬಿಟ್ಟಿದ್ದು ಅವನಿಗೆ ಆಗ ನೆನಪಾಯಿತು. ಒಳಗಿನದನ್ನು ಯಾರು ನೋಡುತ್ತಾರೆ ಎಂದು ಬಿಟ್ಟಿದ್ದ. ಒಂದೇ ಒಗೆತಕ್ಕೆ ಹನ್ನೊಂದರ ಎದೆಯೂ ಜೋತುಬಿತ್ತು. ಮದುವೆಯಾಗಿ ಎರಡು ತಿಂಗಳಾಗಿದ್ದ ಹೆಂಡತಿ ಮೂರು ದಿನ ಕೂತು ಎಲ್ಲವನ್ನೂ ಬಿಚ್ಚಿ, ಕ್ಯಾನ್ವಾಸು ಇಟ್ಟು ಹೊಲಿದಿದ್ದಳು. ಒಂದು ಮಾತೂ ಆಡಿರಲಿಲ್ಲ.

ಅವಳು ಎದ್ದು ದಿಂಬಿಗೊರಗಿ ಕೂತಿದ್ದಳು. ಕೂದಲು ಬಾಚಿಕೊಂಡಿದ್ದಳು. ಅವನು ಚಪ್ಪಲಿಯನ್ನೂ ಬಿಡದೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು, ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿ, "ನಿನಗೆ ಮೂರು ಮಾತ್ರೆ ಕೊಡಬೇಕಿತ್ತು. ನಾನು ಎರಡೇ ಕೊಟ್ಟೆ. ನಾಲ್ಕು ಸಲವೂ," ಎಂದ.

ಅವಳು ಅವನ ಮುಖ ನೋಡಿದಳು. ಆಮೇಲೆ, "ಡ್ರಾಯರ್ ತೆಗೀರಿ," ಎಂದಳು.

ಅವನು ಡ್ರಾಯರ್ ಎಳೆದ. ಮುಚ್ಚಳ ಪೂರ್ತಿ ತೆಗೆದು, ಡಬ್ಬಿಯನ್ನು ಯಂತ್ರದ ಹಲಗೆಯ ಮೇಲೆ ಬೋರಲು ಹಾಕಿದ. ಸವೆದ ಚಾಕ್ ತುಂಡುಗಳು, ನೀಲಿ, ಹಳದಿ, ಬಿಳಿ, ಮೂರು ಗುಂಡಿ, ಒಂದು ಮುರಿದ ಸೂಜಿ. ಚಾಕಿನ ಪುಡಿಯ ನಡುವೆ ಒಂದು ಬಿಳಿ ಮಾತ್ರೆ. ಅವನು ಬೆರಳಲ್ಲಿ ಕೆದಕಿದ, ಪ್ರತಿ ಬಿಳಿ ಚೂರನ್ನೂ ತಿರುವಿ ನೋಡಿದ. ಡಬ್ಬಿಯನ್ನು ಎತ್ತಿ ಅದರ ತಳವನ್ನೂ ತಟ್ಟಿದ.

"ಒಂದೇ ಇದೆ," ಎಂದ.

"ಅದು ಮಂಗಳವಾರದ್ದು. ಆವತ್ತು ನನಗೆ ಗೊತ್ತಿರಲಿಲ್ಲ. ಬುಧವಾರ ಬೆಳಿಗ್ಗೆ ನೀವು ಡ್ರಾಯರ್ ಎಳೆದದ್ದು ನೋಡಿದೆ." ಅವಳು ನಿಧಾನವಾಗಿ, ಉಸಿರು ಹಂಚಿಕೊಂಡು ಮಾತಾಡಿದಳು. "ಡಬ್ಬಿ ಮೇಲೆ ಮೂರು ಮಾತ್ರೆ ಚಿತ್ರ ಇದೆಯಲ್ಲ. ಅಷ್ಟು ಕಷ್ಟಪಟ್ಟು ಮಾಡಿದೋರು ಒಂದನ್ನ ಸುಮ್ಮನೆ ಇಟ್ಟಿರ್ತಾರಾ? ಕ್ಯಾನ್ವಾಸ್ ಬಿಟ್ಟ ಹಾಗೇ ಇದನ್ನೂ ಬಿಟ್ಟಿದ್ದೀರಿ ಅಂದ್ಕೊಂಡೆ. ನೀವು ನೀರು ಕಾಯಿಸೋಕೆ ಹೋದಾಗ ತಗೊಂಡೆ. ಸ್ವಲ್ಪ ಚಾಕಿನ ರುಚಿ ಇತ್ತು."

ಅವನ ಎದೆಯ ಮೇಲಿಂದ ಬಂಡೆ ಇಳಿದದ್ದು ನಿಜ. ಆದರೆ ಅದು ಇಳಿದ ಜಾಗದಲ್ಲಿ ಬೆತ್ತಲೆ ನಿಂತಂತಾಯಿತು. ಎರಡು ದಿನ ಅವನು ಕದ್ದು ಮುಚ್ಚಿ ಮಾಡಿದ್ದನ್ನು ಅವಳು ಗೋಡೆಯ ಕಡೆ ತಿರುಗಿಕೊಂಡೇ ನೋಡಿದ್ದಾಳೆ. ಜ್ವರದ ಮೈಯಲ್ಲಿ ಎದ್ದು, ಯಂತ್ರದ ಅಂಚು ಹಿಡಿದು ಬಗ್ಗಿ, ಚಾಕಿನ ಪುಡಿಯಲ್ಲಿ ಹುಡುಕಿದ್ದಾಳೆ, ಅವನ ಹೆಜ್ಜೆ ಕೇಳಿಸುವ ಮೊದಲು ಮತ್ತೆ ಹೊದ್ದು ಮಲಗಿದ್ದಾಳೆ. ಗಂಡ ಸಿಕ್ಕಿಬೀಳದ ಹಾಗೆ ಕಳ್ಳತನ ಮಾಡಬೇಕಾಗಿ ಬಂದದ್ದು ಅವಳಿಗೆ.

"ನನ್ನನ್ನ ಕೇಳಬಹುದಿತ್ತಲ್ಲ," ಎಂದ, ದೂರುವ ದನಿಯಲ್ಲಲ್ಲ, ಬೇಡುವ ದನಿಯಲ್ಲಿ.

"ಕೇಳಿದ್ರೆ ನೀವು ವಾದ ಮಾಡ್ತಿದ್ರಿ," ಎಂದಳು ಅವಳು. "ವಾದ ಮಾಡೋಕೆ ನನಗೆ ಉಸಿರಿರಲಿಲ್ಲ."

ಅವನು ಯಂತ್ರದ ಹಲಗೆಯ ಕಡೆ ತಿರುಗಿದ. ಚಾಕ್ ತುಂಡುಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿದ. ಮಂಗಳವಾರದ ಮಾತ್ರೆಯನ್ನು ಅಂಗಡಿಯವಳ ಚೀಟಿಯಲ್ಲಿ ಸುತ್ತಿ ಬೇರೆ ಇಟ್ಟ. ಸಂಜೆಯವರೆಗೂ ಅವಳ ಪಕ್ಕದಲ್ಲೇ ಕೂತು ವೈರಸ್ಸಿನ ಕತ್ತರಿಯ ಕತೆ ಹೇಳಿದ, ತನ್ನ ದೊಡ್ಡ ಕತ್ತರಿಯನ್ನೇ ತಂದು ಬಾಯಿಯ ಸಂದಿಯಲ್ಲಿ ಗುಂಡಿ ಇಟ್ಟು ತೋರಿಸಿದ. ಅವಳು ಕೇಳಿ, ಅದನ್ನು ಮಾಡಿದವರು ನಿಮಗಿಂತ ದೊಡ್ಡ ಮಾಸ್ಟರುಗಳು ಎಂದಳು, ಅವನು ಒಪ್ಪಿದ. ಆರು ಗಂಟೆಗೆ ಉಸಿರು ಇಪ್ಪತ್ತು. ಏಳಕ್ಕೆ ಅವಳು ಹಸಿವು ಎಂದಳು. ಕಾಜಾದವನಿಂದ ಫೋನು ಬಂತು, ಅವನಿಗೆ ಮಾಸ್ಟರ್ ಎಲ್ಲವನ್ನೂ ಹೇಳಿದ, ಚಾಕಿನ ರುಚಿಯನ್ನೂ ಬಿಡದೆ. ಆ ಕಡೆಯಿಂದ ಬಹಳ ಹೊತ್ತು ನಗುವೂ ಕೆಮ್ಮೂ ಕೇಳಿಸಿತು.

ಎಂಟಕ್ಕೆ ದೀಪದ ಕೆಳಗೆ ಹಾಳೆ ಹಿಡಿದು ಒತ್ತಿದ. ಗುಲಾಬಿ, ಗುಲಾಬಿ, ಬಿಳಿ. ಮೂರನ್ನೂ ಅವಳ ಅಂಗೈಯಲ್ಲಿಟ್ಟು ಲೋಟ ಕೊಟ್ಟ. ಅವಳು ಒಂದೊಂದಾಗಿ ನುಂಗಿದಳು, ಬಿಳಿಯದನ್ನು ಕೊನೆಗೆ. ರೂಢಿಯಂತೆ ಅವನು ಇನ್ನೊಂದು ಲೋಟ ಎತ್ತಿಕೊಂಡು ಅಡುಗೆಮನೆಯ ಕಡೆ ಹೊರಟ.

"ಇವತ್ತು ಬಿಸಿನೀರು ಬೇಡ," ಎಂದಳು ಅವಳು. "ಕೂತ್ಕೊಳ್ಳಿ."